ಶೆಡ್ಡಿನಲ್ಲಿ ನಿಂತ ಗಾಡಿಗೆ ವಾರಕ್ಕೆ ಐದು ನಿಮಿಷ ಸಾಲದು

ನಮ್ಮ ಶ್ರೀಮಂಗಲದ ಕಡೆ ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಬಿಡುವುದು ಸೆಪ್ಟೆಂಬರಿನಲ್ಲಿ. ಅಷ್ಟು ದಿನ ತೋಟದೊಳಗೆ ಗಾಡಿ ಇಳಿಸುವ ಹಾಗಿಲ್ಲ. ಇಳಿಸಿದರೆ ಅದನ್ನು ಎಳೆದು ಮೇಲೆ ಹತ್ತಿಸಲು ಇನ್ನೊಂದು ಗಾಡಿ ಬೇಕು. ಹಾಗಾಗಿ ಜೀಪು ಶೆಡ್ಡು ಸೇರುತ್ತದೆ. ನಾಟಿ ಗದ್ದೆ ಇದ್ದವರ ಟಿಲ್ಲರು, ಟ್ರ್ಯಾಕ್ಟರು ಜುಲೈ, ಆಗಸ್ಟಿನಲ್ಲಿ ಸ್ವಲ್ಪ ದಿನ ದುಡಿದು ಆಮೇಲೆ ಅದರ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ನೆಂಟರ ಮನೆಗೆ ಹೋಗೋಣ ಅಂತ ಕೀಲಿ ತಿರುಗಿಸಿದರೆ ಒಂದು ‘ಟಕ್’. ಇನ್ನೊಮ್ಮೆ ತಿರುಗಿಸಿದರೆ ಅದೂ ಇಲ್ಲ.

ಆಗ ಎಲ್ಲರೂ ಹೇಳುವ ಮಾತು ಒಂದೇ: ‘ಬ್ಯಾಟ್ರಿ ಹಳತಾಯ್ತು, ಹೊಸದು ಹಾಕಬೇಕು.’ ಆರೇಳು ಸಾವಿರ ರೂಪಾಯಿ ಕೊಟ್ಟು ಹೊಸದು ತರುತ್ತೇವೆ. ಅದೂ ಎರಡು ಮಳೆಗಾಲ ದಾಟುವುದು ಕಷ್ಟ. ದಿನಾ ಓಡುವ ಬಾಡಿಗೆ ಜೀಪಿನಲ್ಲಿ ಅದೇ ಕಂಪೆನಿಯ, ಅದೇ ಅಳತೆಯ ಬ್ಯಾಟರಿ ನಾಲ್ಕು ವರ್ಷ ಬರುವುದನ್ನು ನಾವೇ ನೋಡಿದ್ದೇವೆ. ಹೆಚ್ಚು ದುಡಿದದ್ದು ಹೆಚ್ಚು ಬಾಳುತ್ತದೆ, ಕೂತದ್ದು ಬೇಗ ಹೋಗುತ್ತದೆ ಅಂದಮೇಲೆ ತಪ್ಪು ವಯಸ್ಸಿನದ್ದಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಊರುಗಳಲ್ಲಿ ಬದಲಿಸುವ ಬ್ಯಾಟರಿಗಳಲ್ಲಿ ಹೆಚ್ಚಿನವು ಸವೆದು ಹೋದವಲ್ಲ, ಹಸಿವಿನಿಂದ ಸತ್ತವು. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿಡುವ ನಮ್ಮ ಅಭ್ಯಾಸ ಈ ಹಸಿವನ್ನು ನೀಗಿಸುವುದಿಲ್ಲ, ಮುಚ್ಚಿಡುತ್ತದೆ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಪೇಟೆಯವರ ಕಾರು, ಬೈಕುಗಳೂ ಹೀಗೇ ನಿಂತುವು. ಬಿಡುಗಡೆಯಾದ ದಿನ ಸ್ಟಾರ್ಟ್ ಆಗದ ಗಾಡಿಗಳ ಸಾಲೇ ಮೆಕ್ಯಾನಿಕ್ಕುಗಳ ಮುಂದಿತ್ತು. ಅವರಿಗೆ ಒಂದು ವರ್ಷ ಆದದ್ದು ನಮಗೆ ಪ್ರತಿ ಮಳೆಗಾಲದಲ್ಲಿ ಆಗುತ್ತದೆ.

ಒಂದು ಮನೆಯಲ್ಲಿ ಎಷ್ಟು ಬ್ಯಾಟರಿ?

ಐದಾರು ಎಕರೆ ಕಾಫಿ, ನಡುವೆ ಕರಿಮೆಣಸು, ಸ್ವಲ್ಪ ಗದ್ದೆ ಇರುವ ಮನೆಯ ಲೆಕ್ಕ ಹಾಕಿ. ಹಳೆ ಜೀಪು ಒಂದು. ಟ್ರ್ಯಾಕ್ಟರೋ ಪಿಕಪ್ಪೋ ಇದ್ದರೆ ಅದರದ್ದೊಂದು. ಸೆಲ್ಫ್ ಇರುವ ಸ್ಪ್ರಿಂಕ್ಲರ್ ಎಂಜಿನ್ನಿನದ್ದು ಇನ್ನೊಂದು. ಬೆಂಗಳೂರಿನಲ್ಲಿರುವ ಮಗ ‘ಅಲ್ಲಿ ನಿಲ್ಲಿಸಲು ಜಾಗವಿಲ್ಲ’ ಅಂತ ಬಿಟ್ಟುಹೋದ ಕಾರಿನದ್ದು ಮತ್ತೊಂದು. ಸ್ಕೂಟರಿನದ್ದು ಸಣ್ಣದು. ಆನೆಗೆ ಹಾಕಿದ ಸೋಲಾರ್ ಬೇಲಿಯದ್ದು ಬೇರೆ. ಮನೆಯ ಇನ್ವರ್ಟರಿನದ್ದು ಇನ್ನೂ ಬೇರೆ.

ಇದರಲ್ಲಿ ಸ್ಪ್ರಿಂಕ್ಲರ್ ಎಂಜಿನ್ನಿನ ಬ್ಯಾಟರಿಯದ್ದು ದೊಡ್ಡ ಕಥೆ. ರೊಬಸ್ಟಾ ತೋಟಕ್ಕೆ ಫೆಬ್ರವರಿ, ಮಾರ್ಚಿನಲ್ಲಿ ಹೂವಿನ ನೀರು, ಎರಡು ಮೂರು ವಾರ ಬಿಟ್ಟು ಅದರ ಹಿಂದೆ ಇನ್ನೊಂದು ನೀರು. ಎಲ್ಲ ಸೇರಿ ಇಪ್ಪತ್ತು, ಇಪ್ಪತ್ತೈದು ದಿನದ ಕೆಲಸ. ಉಳಿದ ಹನ್ನೊಂದು ತಿಂಗಳು ಎಂಜಿನ್ನಿನ ಮೇಲೆ ಹಳೆ ಗೋಣಿ. ಮುಂದಿನ ಫೆಬ್ರವರಿಯಲ್ಲಿ ಪೈಪು ಎಳೆದು, ಆಳು ಕರೆದು, ಕೆರೆಯಲ್ಲಿ ನೀರು ಇರುವಾಗಲೇ ಮುಗಿಸಬೇಕು ಅಂತ ಬೆಳಿಗ್ಗೆ ಆರಕ್ಕೆ ಹೋದರೆ ಎಂಜಿನ್ ಹಂದುವುದಿಲ್ಲ. ಬ್ಯಾಟರಿ ತರಲು ಗೋಣಿಕೊಪ್ಪಕ್ಕೆ ಹೋಗಿ ಬರುವ ಹೊತ್ತಿಗೆ ಅರ್ಧ ದಿನ ಹೋಯಿತು. ನಾಲ್ಕು ಆಳಿನ ಸಂಬಳ ಹೋಯಿತು. ಬ್ಯಾಟರಿಯ ನಷ್ಟ ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು.

ಮಳೆಗಾಲದ ರಾತ್ರಿಯ ಮಾತು ಇನ್ನೂ ಗಂಭೀರ. ಬಿರುನಾಣಿ, ಟಿ. ಶೆಟ್ಟಿಗೇರಿ, ಕುಟ್ಟದ ಒಳಗಿನ ಎಷ್ಟೋ ಮನೆಗಳಲ್ಲಿ ಈಗ ಇರುವುದು ಇಬ್ಬರು ವಯಸ್ಸಾದವರು ಮಾತ್ರ. ಮರ ಬಿದ್ದು ಕರೆಂಟು ನಾಲ್ಕು ದಿನ ಇಲ್ಲ, ಫೋನು ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಯಾರಿಗಾದರೂ ಎದೆನೋವು ಬಂದರೆ ಶೆಡ್ಡಿನಲ್ಲಿರುವ ಗಾಡಿಯೇ ಗತಿ. ವರ್ಷದಲ್ಲಿ ಮುನ್ನೂರು ದಿನ ನಿಂತಿದ್ದರೂ ತೊಂದರೆಯಿಲ್ಲ, ಆ ಒಂದು ರಾತ್ರಿ ಅದು ಸ್ಟಾರ್ಟ್ ಆಗಬೇಕು.

ಒಳಗೆ ಏನಾಗುತ್ತದೆ

ನಮ್ಮ ಗಾಡಿಗಳ ಸೀಸ-ಆಮ್ಲದ ಬ್ಯಾಟರಿ ಹೊಸದೇನಲ್ಲ. ಫ್ರಾನ್ಸಿನ ಗ್ಯಾಸ್ತೋಂ ಪ್ಲಾಂಟೆ ಅದನ್ನು ಕಂಡುಹಿಡಿದದ್ದು 1859ರಲ್ಲಿ. ಮೂಲ ಗುಣ ಅಂದಿನಿಂದ ಇಂದಿಗೂ ಒಂದೇ. ಅದನ್ನು ಖಾಲಿ ಬಿಡಬಾರದು.

12 ವೋಲ್ಟಿನ ಬ್ಯಾಟರಿಯೊಳಗೆ ಆರು ಕೋಣೆ. ಒಂದೊಂದರಲ್ಲಿ ಎರಡು ವೋಲ್ಟಿಗಿಂತ ತುಸು ಜಾಸ್ತಿ. ಕರೆಂಟು ಖರ್ಚಾದಂತೆ ಆಮ್ಲದ ಸಾರ ಪ್ಲೇಟಿಗೆ ಹೋಗಿ ಸೀಸದ ಸಲ್ಫೇಟ್ ಆಗಿ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ವಾಪಸು ಆಮ್ಲವಾಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ಜೋನಿಬೆಲ್ಲ ಡಬ್ಬದ ತಳದಲ್ಲಿ ಹರಳುಗಟ್ಟಿದ ಹಾಗೆ ಅಂತ ಇಟ್ಟುಕೊಳ್ಳಿ. ಮತ್ತೆ ಎಷ್ಟು ಚಾರ್ಜ್ ಮಾಡಿದರೂ ಆ ಭಾಗ ಪೂರ್ತಿ ಕರಗುವುದಿಲ್ಲ. ಅಷ್ಟು ಪ್ಲೇಟು ಕೆಲಸಕ್ಕಿಲ್ಲ.

ಏನೂ ಉಪಯೋಗಿಸದಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತದೆ. ಸೆಕೆ ಜಾಸ್ತಿಯಾದಂತೆ ಬೇಗ, ತಂಪಿನಲ್ಲಿ ನಿಧಾನ. ಈ ವಿಷಯದಲ್ಲಿ ನಮ್ಮ ಹವೆ ಒಳ್ಳೆಯದೇ. ಆದರೆ ನಮ್ಮ ತೇವ ಇನ್ನೊಂದು ಉಪದ್ರ ಕೊಡುತ್ತದೆ. ಬ್ಯಾಟರಿಯ ಮಂಡೆ ಮೇಲೆ ಧೂಳು, ಆಮ್ಲದ ಪಸೆ ಎರಡೂ ಸೇರಿ ಒದ್ದೆಯಾದರೆ ಅದರ ಮೇಲೆಯೇ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಕರೆಂಟು ಸೋರುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಟರ್ಮಿನಲ್ಲಿಗೆ, ಇನ್ನೊಂದನ್ನು ಮೇಲಿನ ಪ್ಲಾಸ್ಟಿಕ್ಕಿಗೆ ಮುಟ್ಟಿಸಿ ನೋಡಿ. ಒಂದೆರಡು ವೋಲ್ಟ್ ತೋರಿಸಿದರೆ ಸೋರಿಕೆ ಇದೆ ಅಂತಲೇ ಅರ್ಥ. ಬಿರಡೆಗಳನ್ನು ಬಿಗಿಯಾಗಿ ಮುಚ್ಚಿ, ಅಡುಗೆ ಸೋಡ ಕದಡಿದ ನೀರಿನಲ್ಲಿ ಒರೆಸಿ, ಒಳ್ಳೆ ನೀರಿನಲ್ಲಿ ಮತ್ತೊಮ್ಮೆ ಒರೆಸಿ ಒಣಗಿಸಿದರೆ ಮುಗಿಯಿತು. ಸೋಡದ ನೀರು ಒಳಗೆ ಹೋಗಬಾರದು, ಹೋದರೆ ಆಮ್ಲ ಕೆಡುತ್ತದೆ.

ಹೊಸ ಕಾರುಗಳಲ್ಲಿ ಮೂರನೆಯ ಕಳ್ಳ ಒಬ್ಬ ಇದ್ದಾನೆ. ಕೀಲಿ ತೆಗೆದರೂ ಗಡಿಯಾರ, ಬಾಗಿಲಿನ ಲಾಕು, ಅಲಾರಂ, ಎಂಜಿನ್ನಿನ ಕಂಪ್ಯೂಟರು ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತವೆ. 30 ಮಿಲಿ ಆಂಪಿಯರ್ ಅಂದರೆ ಹೇಳುವಷ್ಟು ದೊಡ್ಡದಲ್ಲ. ಆದರೆ 24 ಗಂಟೆಗೆ ಅದು ಮುಕ್ಕಾಲು ಆಂಪಿಯರ್ ಅವರ್ ಹತ್ತಿರ. ಒಂದು ತಿಂಗಳಿಗೆ 21, 22. ಬ್ಯಾಟರಿ 45ರದ್ದಾದರೆ ಅರ್ಧ ಖಾಲಿ. ಎರಡು ತಿಂಗಳಿಗೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಹಳೆ ಜೀಪಿನಲ್ಲಿ ಈ ಕಳ್ಳ ಇಲ್ಲ, ಇಲಿ ಕಡಿದ ವೈರು ಬಾಡಿಗೆ ತಾಗದಿದ್ದರೆ.

ಇನ್ನು ಬೇಲಿಯ ಬ್ಯಾಟರಿ ನೋಡಿ. ಪ್ರತಿ ರಾತ್ರಿ ದುಡಿಯುತ್ತದೆ, ಮಳೆಯಲ್ಲಿ, ಮಂಜಿನಲ್ಲಿ ಇರುತ್ತದೆ. ಆದರೂ ಜೀಪಿನದ್ದಕ್ಕಿಂತ ಹೆಚ್ಚು ವರ್ಷ ಬರುವುದುಂಟು. ಅದರ ಪ್ಲೇಟು ದಪ್ಪ ಇರುವುದು ಒಂದು ಕಾರಣ. ಇನ್ನೊಂದು ಕಾರಣ, ಕಕ್ಕಡದ ಕತ್ತಲೆಯಲ್ಲೂ ಪ್ಯಾನೆಲ್ಲಿನಿಂದ ಅದಕ್ಕೆ ದಿನಾ ಒಂದು ತುತ್ತು ಬೀಳುತ್ತದೆ.

ಐದು ನಿಮಿಷದ ಲೆಕ್ಕ

ಈಗ ನಮ್ಮ ವಾರದ ಐದು ನಿಮಿಷಕ್ಕೆ ಬರೋಣ. ಡೀಸೆಲ್ ಜೀಪಿನ ಸ್ಟಾರ್ಟರ್ ಮೋಟಾರು 250 ಆಂಪಿಯರ್ ಎಳೆದುಕೊಂಡು ನಾಲ್ಕು ಸೆಕೆಂಡು ತಿರುಗಿತು ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು ಹೀಟರ್ ಪ್ಲಗ್ಗು ನಾಲ್ಕೂ ಸೇರಿ 40 ಆಂಪಿಯರಿನಲ್ಲಿ 20 ಸೆಕೆಂಡು ಕಾದವು. ಎರಡೂ ಕೂಡಿದರೆ ಸುಮಾರು ಅರ್ಧ ಆಂಪಿಯರ್ ಅವರ್ ಖರ್ಚು. ಆಮೇಲೆ ಎಂಜಿನ್ ಸ್ಲೋದಲ್ಲಿ ಐದು ನಿಮಿಷ ಓಡಿತು. ಆಲ್ಟರ್ನೇಟರ್ ಆ ವೇಗದಲ್ಲಿ ಬ್ಯಾಟರಿಗೆ 10 ಆಂಪಿಯರ್ ಕೊಟ್ಟರೂ ಐದು ನಿಮಿಷಕ್ಕೆ ಸಿಕ್ಕಿದ್ದು 0.8. ಉಳಿತಾಯ 0.3. ಥಂಡಿಯಲ್ಲಿ ಎರಡು ಸಲ ಸೆಲ್ಫ್ ಹೊಡೆದರೆ ಆ 0.3 ಕೂಡ ಇಲ್ಲ.

ಅದೇ ವಾರದಲ್ಲಿ ಕಾರಿನೊಳಗಿನ ಕಳ್ಳ ತಿಂದದ್ದು ಐದು ಆಂಪಿಯರ್ ಅವರ್. ಐದು ಹೋದ ಕಡೆ 0.3 ಹಾಕುತ್ತೇವೆ. ಸ್ಟಾರ್ಟ್ ಆಯಿತಲ್ಲ ಅಂತ ಸಮಾಧಾನವೂ ಪಡುತ್ತೇವೆ.

ಹಳೆ ಜೀಪಿನಲ್ಲಿ ಡೈನಮೋ ಇದ್ದರೆ ಇನ್ನೂ ಚೆಂದ. ಸ್ಲೋದಲ್ಲಿ ಡೈನಮೋ ಚಾರ್ಜೇ ಮಾಡುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ನಿಮ್ಮ ಐದು ನಿಮಿಷ ಪೂರ್ತಿ ನಷ್ಟ ಅಂತ ತಿಳಿಯಿರಿ.

ಬ್ಯಾಟರಿಯ ಕೊನೆಯ ಕಾಲು ಭಾಗ ತುಂಬುವುದು ಬಹಳ ನಿಧಾನ. ಎಷ್ಟು ದೊಡ್ಡ ಆಲ್ಟರ್ನೇಟರ್ ಇದ್ದರೂ ಅದು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಹಾಗಾಗಿ ಐದು ನಿಮಿಷದ ಗಾಡಿಯ ಬ್ಯಾಟರಿ ಎಂದೂ ತುಂಬಿರುವುದಿಲ್ಲ. ಸದಾ ಅರೆಹೊಟ್ಟೆ. ಹರಳು ಕಟ್ಟುವುದು ಇಂಥದ್ದಕ್ಕೇ.

ಎಂಜಿನ್ನಿಗೂ ಇದು ಒಳ್ಳೆಯದಲ್ಲ. ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಸೈಲೆನ್ಸರಿನೊಳಗೆ, ಆಯಿಲಿನಲ್ಲಿ ನೀರಿನ ಪಸೆ ಉಳಿಯುತ್ತದೆ. ಹೊಗೆಗೆ ದಾರಿಯಿಲ್ಲದ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಓಡಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಆ ಹೊಗೆಯಲ್ಲಿ ಪ್ರಾಣ ತೆಗೆಯುವ ಅನಿಲ ಇರುತ್ತದೆ. ಓಡಿಸುವುದೇ ಆದರೆ ನಲವತ್ತು ನಿಮಿಷ, ಒಂದು ಗಂಟೆ ರಸ್ತೆಯಲ್ಲಿ ಓಡಿಸಿ. ಸಂತೆಗೆ ಬಸ್ಸಿನ ಬದಲು ಅದರಲ್ಲೇ ಹೋಗಿ ಬನ್ನಿ. ಅದು ಬೇಡವಾದರೆ ಸ್ಟಾರ್ಟೇ ಮಾಡಬೇಡಿ.

ಬಿಚ್ಚಿಡುವುದು ಮೊದಲ ಕೆಲಸ

ಎರಡು ವಾರಕ್ಕಿಂತ ಹೆಚ್ಚು ನಿಲ್ಲುವ ಗಾಡಿಯ ಬ್ಯಾಟರಿಯನ್ನು ಬೇರ್ಪಡಿಸಬೇಕು. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಹಾಕುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಹೀಗೆ ಮಾಡಿದರೆ ಸ್ಪ್ಯಾನರು ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ದಿನಾ ಬಿಚ್ಚಿ ಹಾಕುವುದು ರಗಳೆ ಅನಿಸಿದರೆ ನೆಗೆಟಿವ್ ವೈರಿಗೆ ಒಂದು ಕಟ್-ಆಫ್ ಸ್ವಿಚ್ಚು ಹಾಕಿಸಿ, ಕೆಲವು ನೂರು ರೂಪಾಯಿಯಲ್ಲಿ ಆಗುತ್ತದೆ. ಹೊಸ ಕಾರಿನಲ್ಲಿ ಗಡಿಯಾರ, ರೇಡಿಯೋ ಮತ್ತೆ ಹೊಂದಿಸಬೇಕಾಗಬಹುದು. ಅದರ ಕೈಪಿಡಿ ನೋಡಿ ಮಾಡುವುದು ಒಳ್ಳೆಯದು.

ಬಿಚ್ಚಿದ ಬ್ಯಾಟರಿಯನ್ನು ಮನೆಯ ಹತ್ತಿರ, ಗಾಳಿ ಆಡುವ ಒಣ ಜಾಗದಲ್ಲಿ ಇಡಿ. ಒಲೆಯ ಹತ್ತಿರ, ಅಡುಗೆಮನೆಯ ಅಟ್ಟದಲ್ಲಿ ಬೇಡ. ಚಾರ್ಜ್ ಆಗುವಾಗ ಅದರಿಂದ ಬರುವ ಹೈಡ್ರೋಜನ್ ಬೆಂಕಿ ಕಂಡರೆ ಸಿಡಿಯುತ್ತದೆ. ಮಕ್ಕಳ ಕೈಗೆ ಎಟುಕಬಾರದು. ಆಮ್ಲ ಕಣ್ಣಿಗೆ ಹಾರಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ.

ಸಿಮೆಂಟು ನೆಲದ ಮೇಲೆ ಇಟ್ಟರೆ ಚಾರ್ಜು ಇಳಿಯುತ್ತದೆ ಅನ್ನುವವರು ಇನ್ನೂ ಇದ್ದಾರೆ. ಹಿಂದೆ ಮರದ, ರಬ್ಬರಿನ ಪೆಟ್ಟಿಗೆ ಇದ್ದಾಗಿನ ಮಾತು ಅದು. ಈಗಿನ ಪ್ಲಾಸ್ಟಿಕ್ಕಿಗೆ ಅನ್ವಯಿಸುವುದಿಲ್ಲ. ಹಲಗೆ ಇದ್ದರೆ ಇಡಿ, ಇಲ್ಲದಿದ್ದರೆ ಚಿಂತೆಯಿಲ್ಲ.

ಅಳೆಯಲು ಒಂದು ಸಾದಾ ಮಲ್ಟಿಮೀಟರು ಸಾಕು. ಚಾರ್ಜ್ ಮಾಡಿ ಒಂದು ರಾತ್ರಿ ಸುಮ್ಮನೆ ಬಿಟ್ಟು ಬೆಳಿಗ್ಗೆ ನೋಡಿ. 12.6, 12.7 ಇದ್ದರೆ ಪೂರ್ತಿ ತುಂಬಿದೆ. 12.4ಕ್ಕೆ ಮುಕ್ಕಾಲು. 12.2 ಅಂದರೆ ಅರ್ಧ. 12 ತೋರಿಸಿದರೆ ‘ಹನ್ನೆರಡು ಇದೆಯಲ್ಲ, ಸರಿ’ ಅನ್ನುವವರೇ ಜಾಸ್ತಿ. ಅದು ಕಾಲು ಭಾಗ ಮಾತ್ರ, ಅಪಾಯದ ಅಂಚು. 12.4ಕ್ಕಿಂತ ಕೆಳಗೆ ಇಳಿಯಲು ಬಿಡದಿದ್ದರೆ ಹರಳಿನ ಭಯ ಬಹಳ ಕಡಿಮೆ. ಒಳ್ಳೆ ವೋಲ್ಟೇಜು ತೋರಿಸುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಅದರ ಆಯಸ್ಸು ಮುಗಿಯುತ್ತ ಬಂದಿದೆ.

ಚಾರ್ಜರಿನ ಮಾತು. ಗ್ಯಾರೇಜಿನ ಹಳೆ ಟ್ರಾನ್ಸ್‌ಫಾರ್ಮರ್ ಚಾರ್ಜರಿಗೆ ನಿಲ್ಲಿಸುವ ಬುದ್ಧಿ ಇಲ್ಲ. ನೋಡದಿದ್ದರೆ ಕುದಿಸುತ್ತದೆ. ಮನೆಗೆ ಬೇಕಾದದ್ದು 14.4 ವೋಲ್ಟಿನವರೆಗೆ ತುಂಬಿಸಿ, ಆಮೇಲೆ 13.5, 13.8ಕ್ಕೆ ಇಳಿದು ಹಿಡಿದುಕೊಳ್ಳುವ ಆಟೋಮ್ಯಾಟಿಕ್ಕು. ಬ್ಯಾಟರಿಯ ಆಂಪಿಯರ್ ಅವರಿನ ಹತ್ತನೇ ಒಂದು ಭಾಗ ಸಾಕು. 60ರದ್ದಕ್ಕೆ 6 ಆಂಪಿಯರ್. ಅರ್ಧ ಖಾಲಿಯಾದ ಬ್ಯಾಟರಿ ಒಂದು ರಾತ್ರಿಯಲ್ಲಿ ತುಂಬುತ್ತದೆ, ಖರ್ಚಾಗುವ ಕರೆಂಟು ಸುಮಾರು ಒಂದು ಯೂನಿಟ್. ಆರು ಸಾವಿರದ ಸಾಮಾನು ಉಳಿಸಲು ತಿಂಗಳಿಗೆ ಒಂದು ಯೂನಿಟ್ ಅಂದರೆ ಯಾರೂ ಬೇಡ ಅನ್ನಲಾರರು.

ನೆನಪಿಡುವುದಕ್ಕೆ ನಮ್ಮ ಹಬ್ಬಗಳೇ ಸಾಕು. ಮಳೆ ಹಿಡಿಯುವ ಮೊದಲು ಮೇ ಕೊನೆಗೆ ಪೂರ್ತಿ ತುಂಬಿಸಿಡಿ. ಜುಲೈ ಮೊದಲ ವಾರ ಒಮ್ಮೆ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಮದ್ದುಸೊಪ್ಪಿನ ಪಾಯಸ ಉಣ್ಣುವ ದಿನ ಬ್ಯಾಟರಿಗೂ ಒಮ್ಮೆ ಉಣ್ಣಿಸಿ. ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್. ಆಯುಧಪೂಜೆಗೆ ಇನ್ನೊಮ್ಮೆ. ಸ್ಪ್ರಿಂಕ್ಲರ್ ಎಂಜಿನ್ನಿನದ್ದಕ್ಕೆ ಪುತ್ತರಿಗೆ ಒಮ್ಮೆ, ಜನವರಿ ಕೊನೆಗೆ ಒಮ್ಮೆ ಜಾಸ್ತಿ.

ಕರೆಂಟೇ ಇಲ್ಲದಿದ್ದರೆ?

‘ನೀವು ಹೇಳುವುದು ಸರಿ, ಆದರೆ ನಮಗೆ ಜುಲೈಯಲ್ಲಿ ಕರೆಂಟು ಎಲ್ಲುಂಟು’ ಅನ್ನುವುದು ನ್ಯಾಯವಾದ ಪ್ರಶ್ನೆ. ಗಾಡಿ ತೀರಾ ಬೇಕಾಗುವ ದಿನ, ಕರೆಂಟು ಇಲ್ಲದ ದಿನ ಎರಡೂ ಒಂದೇ ಆಗಿರುತ್ತದೆ. ಅದಕ್ಕೇ ಕರೆಂಟು ಇರುವಾಗ, ಅವಸರ ಇಲ್ಲದಾಗ ತುಂಬಿಸಿಡುವುದು. ಪೂರ್ತಿ ತುಂಬಿ ಬಿಚ್ಚಿಟ್ಟ ಒಳ್ಳೆ ಬ್ಯಾಟರಿ ನಮ್ಮ ತಂಪಿನಲ್ಲಿ ಒಂದು ತಿಂಗಳು ಧಾರಾಳ ತಡೆಯುತ್ತದೆ.

ರಾತ್ರಿಗೆ ಸಿದ್ಧವಾಗಿರಲೇಬೇಕಾದ ಒಂದು ಗಾಡಿಗೆ ಮಾತ್ರ ಬೇರೆ ಏರ್ಪಾಡು ಬೇಕು. ಅದರ ಬ್ಯಾಟರಿ ಬಿಚ್ಚಿಟ್ಟರೆ ಆಗದು. ಶೆಡ್ಡಿನ ಮಾಡಿನ ಮೇಲೆ ಒಂದು ಸಣ್ಣ ಸೋಲಾರ್ ಪ್ಯಾನೆಲ್ಲು, ನಡುವೆ ಒಂದು ಚಾರ್ಜ್ ಕಂಟ್ರೋಲರು ಹಾಕಿ. ಬಿಸಿಲಿನಲ್ಲಿ 10 ವ್ಯಾಟಿನ ಪ್ಯಾನೆಲ್ಲು ಅರ್ಧ ಆಂಪಿಯರ್ ಕೊಡುತ್ತದೆ. ಮೋಡದ ದಿನ ಅದರ ಸಣ್ಣ ಪಾಲು ಮಾತ್ರ. ಹಳೆ ಜೀಪಿಗೆ ಅದು ಸಾಕು. ಕಂಪ್ಯೂಟರು ಇರುವ ಹೊಸ ಕಾರಿಗೆ ಸಾಲದು, ಅದಕ್ಕೆ 40, 50 ವ್ಯಾಟು ಬೇಕು. ಕಂಟ್ರೋಲರು ಇಲ್ಲದೆ ನೇರ ಕೊಡಬೇಡಿ. ದೊಡ್ಡ ಪ್ಯಾನೆಲ್ಲಾದರೆ ಬೇಸಗೆಯಲ್ಲಿ ಕುದಿಸುತ್ತದೆ, ಸಣ್ಣದಾದರೆ ರಾತ್ರಿ ವಾಪಸು ಸೋರುವುದುಂಟು. ಮರದ ನೆರಳು ತಪ್ಪುವ ಜಾಗ ಹುಡುಕುವುದು ಮಾತ್ರ ನಮ್ಮ ಕಡೆ ಸುಲಭವಲ್ಲ.

ಬೇಲಿಯ ಬ್ಯಾಟರಿಯನ್ನು ತಂದು ಜೀಪಿಗೆ ಹಾಕುವ ಉಪಾಯ ಮಾಡಬೇಡಿ. ಆನೆಗೆ ನಮ್ಮ ತಾಪತ್ರಯ ಗೊತ್ತಾಗುವುದಿಲ್ಲ. ಜೀಪಿನದ್ದನ್ನು ಇನ್ವರ್ಟರಿಗೆ ಹಾಕುವುದೂ ಹಾಗೇ. ಸ್ಟಾರ್ಟಿಂಗಿನ ಬ್ಯಾಟರಿಯ ಪ್ಲೇಟು ತೆಳು, ಒಮ್ಮೆಗೇ ಜೋರಾಗಿ ಕೊಡಲು ಮಾಡಿದ್ದು. ರಾತ್ರಿ ಪೂರ್ತಿ ದೀಪ ಉರಿಸಿ ಖಾಲಿ ಮಾಡಿದರೆ ಹತ್ತಾರು ಸಲದಲ್ಲಿ ಅದರ ಕಥೆ ಮುಗಿಯುತ್ತದೆ.

ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ದೂಡಿ ಸ್ಟಾರ್ಟ್ ಮಾಡುವುದು ನಮ್ಮ ಕೊಡಗಿನ ಹಳೆ ವಿದ್ಯೆ. ಹಳೆ ಮಹೀಂದ್ರ ಜೀಪಿಗೆ ಇಂದಿಗೂ ನಡೆಯುತ್ತದೆ. ಈಗಿನ ಗಾಡಿಗಳಲ್ಲಿ ಡೀಸೆಲ್ ಬಿಡುವುದೂ ಕಂಪ್ಯೂಟರೇ. ಅದಕ್ಕೆ ಸಾಕಷ್ಟು ವೋಲ್ಟೇಜು ಸಿಗದಿದ್ದರೆ ಕುಟ್ಟದವರೆಗೆ ಇಳಿಜಾರು ಇದ್ದರೂ ಎಂಜಿನ್ ಉಸಿರಾಡದು. ಎಪ್ಪತ್ತು ವರ್ಷದ ಗಂಡ ಹೆಂಡತಿ ಮಳೆಯಲ್ಲಿ ಯಾರನ್ನು ಕರೆದು ದೂಡಿಸುವುದು?

ಎರಡು ಯಂತ್ರಕ್ಕೆ ಒಂದೇ ಬ್ಯಾಟರಿ

ಇದು ಹಲವರಿಗೆ ಹಿಡಿಸದ ಮಾತು. ಆದರೂ ಹೇಳುತ್ತೇನೆ. ಸಣ್ಣ ಹಿಡುವಳಿಯವನಿಗೆ ಯಂತ್ರಕ್ಕೊಂದು ಬ್ಯಾಟರಿ ಬೇಕಾಗಿಲ್ಲ. ಸ್ಪ್ರಿಂಕ್ಲರ್ ಎಂಜಿನ್ನಿಗೆ ಬೇಕಾಗುವುದು ಫೆಬ್ರವರಿ, ಮಾರ್ಚಿನಲ್ಲಿ. ಟ್ರ್ಯಾಕ್ಟರಿಗೆ ಬೇಕಾಗುವುದು ಹೆಚ್ಚಾಗಿ ಜುಲೈ, ಆಗಸ್ಟಿನಲ್ಲಿ. ಎರಡೂ 12 ವೋಲ್ಟಿನವಾದರೆ, ಆಂಪಿಯರ್ ಅವರ್ ಹತ್ತಿರ ಹತ್ತಿರ ಇದ್ದರೆ, ಒಂದೇ ಒಳ್ಳೆ ಬ್ಯಾಟರಿ ಎರಡಕ್ಕೂ ಸಾಕು. ದೊಡ್ಡ ಎಂಜಿನ್ನಿನ ಅಳತೆಗೆ ತೆಗೆದುಕೊಳ್ಳಿ. ಕೂರುವ ದಿನ ಅರ್ಧಕ್ಕೆ ಇಳಿಯಿತು, ಖರ್ಚೂ ಅರ್ಧಕ್ಕೆ ಇಳಿಯಿತು. ನೋಡಿಕೊಳ್ಳುವುದಕ್ಕೂ ಒಂದೇ. ಐದನ್ನು ಅರೆಹೊಟ್ಟೆಯಲ್ಲಿ ಇಡುವುದಕ್ಕಿಂತ ಎರಡನ್ನು ಚೆನ್ನಾಗಿ ಸಾಕುವುದು ಲೇಸು. ಎಮ್ಮೆಯ ವಿಷಯದಲ್ಲಿ ನಮಗೆ ಇದು ಗೊತ್ತುಂಟು.

ಎಚ್ಚರಿಕೆ ಮಾತ್ರ ಬೇಕು. ಟರ್ಮಿನಲ್ಲು ಎಡ ಬಲ ಬೇರೆ ಇದ್ದರೆ ವೈರು ಎಳೆದು ಕಟ್ಟುವಾಗ ಅದಲು ಬದಲಾಗುತ್ತದೆ. ಒಮ್ಮೆ ತಿರುಗುಮುರುಗು ಕೊಟ್ಟರೆ ಆಲ್ಟರ್ನೇಟರಿನ ಡಯೋಡು ಸುಟ್ಟೇ ಹೋಗುತ್ತದೆ. ಪಾಸಿಟಿವ್ ವೈರಿಗೂ ಕಂಬಕ್ಕೂ ಕೆಂಪು ಬಣ್ಣ ಬಳಿದಿಡಿ, ಮುಸ್ಸಂಜೆಯಲ್ಲೂ ಕಾಣುವ ಹಾಗೆ. ಇನ್ನೊಂದು ಮಾತು. ಒಂದು ಎಂಜಿನ್ ಸ್ಟಾರ್ಟ್ ಮಾಡಿ, ಅದು ಓಡುತ್ತಿರುವಾಗಲೇ ಬ್ಯಾಟರಿ ಕಿತ್ತು ಇನ್ನೊಂದಕ್ಕೆ ಒಯ್ಯುವ ಅಭ್ಯಾಸ ಕೆಲವರಿಗಿದೆ. ಆಲ್ಟರ್ನೇಟರ್ ಇರುವ ಎಂಜಿನ್ನಿನಲ್ಲಿ ಇದನ್ನು ಎಂದೂ ಮಾಡಬಾರದು. ಬ್ಯಾಟರಿ ಇಲ್ಲದೆ ವೋಲ್ಟೇಜು ಹಾರಿ ಎಲ್ಲವನ್ನೂ ಸುಡುತ್ತದೆ. ಹದಿನೈದು, ಇಪ್ಪತ್ತು ಕಿಲೋ ಭಾರ ಇರುವುದರಿಂದ ಹೊರುವಾಗ ಸೊಂಟದ ಮೇಲೂ ಗಮನ ಇರಲಿ.

ಚಾರ್ಜರೂ ಮನೆಗೊಂದು ಬೇಕಾಗಿಲ್ಲ. ಹತ್ತಿರದ ನಾಲ್ಕೈದು ಮನೆಯವರು ಅಥವಾ ಸ್ವಸಹಾಯ ಸಂಘದವರು ಸೇರಿ ಒಂದು ಒಳ್ಳೆಯದನ್ನು ತಂದು ಸರದಿಯಲ್ಲಿ ಇಟ್ಟುಕೊಳ್ಳಬಹುದು. ಮನೆಗೆ ತಿಂಗಳಲ್ಲಿ ಎರಡು ರಾತ್ರಿ ಸಿಕ್ಕರೂ ಸಾಕು. ತೂಕದ ಯಂತ್ರ, ಉದ್ದ ಏಣಿ ಎಲ್ಲ ನಾವು ಕೊಟ್ಟು ತೆಗೆದುಕೊಳ್ಳುವುದಿಲ್ಲವೇ?

ನೀರಿನ ವಿಷಯ ಒಂದೇ ಮಾತು: ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರಿನಲ್ಲಿ ಕಬ್ಬಿಣ, ಉಪ್ಪಿನಂಶ ಇರುತ್ತದೆ, ಅದು ಒಳಗೊಳಗೇ ಚಾರ್ಜು ತಿನ್ನುತ್ತದೆ. ಶೀಟಿನಿಂದ ಇಳಿದ ಮಳೆನೀರೂ ಬೇಡ, ಅದರಲ್ಲಿ ಸತು ಇದೆ, ತುಕ್ಕು ಇದೆ. ಮಳೆಗೆ ಪಾತ್ರೆ ಒಡ್ಡಿ ಹಿಡಿದ ನೀರು ಆಗುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ಅಂಗಡಿಯಲ್ಲಿ ಅಷ್ಟು ಕಡಿಮೆಗೆ ಬಾಟಲಿ ಸಿಗುವಾಗ ಆ ಪ್ರಯೋಗ ಯಾಕೆ?

ಕೊಳ್ಳುವಾಗ, ಕೊಡುವಾಗ

ಅಂಗಡಿಯ ಕಪಾಟಿನಲ್ಲಿ ವರ್ಷ ಕೂತ ಬ್ಯಾಟರಿಯೂ ನಿಂತ ಗಾಡಿಯ ಬ್ಯಾಟರಿಯೇ. ಮೇಲಿನ ತಯಾರಿಯ ತಿಂಗಳು ಕೇಳಿ. ಅಂಗಡಿಯವರ ಎದುರೇ ಮೀಟರು ಹಿಡಿದು ನೋಡಿ, ಹನ್ನೆರಡೂವರೆಗಿಂತ ಕಡಿಮೆ ಇದ್ದರೆ ಬೇರೆ ಕೊಡಿ ಅನ್ನಿ. ಕೆಲವು ಕಡೆ ಮುಖ ಸಿಂಡರಿಸುತ್ತಾರೆ. ದುಡ್ಡು ನಮ್ಮದು. ಹಳತನ್ನು ಒಯ್ದಾಗ ಪರೀಕ್ಷೆ ಮಾಡದೆ ‘ಇದು ಹೋಯ್ತು’ ಅನ್ನುವವರೂ ಇದ್ದಾರೆ. ನಿಧಾನವಾಗಿ ಒಂದು ದಿನ ಚಾರ್ಜ್ ಮಾಡಿ ನೋಡದೆ ಯಾವ ಬ್ಯಾಟರಿಯನ್ನೂ ಸತ್ತಿತು ಅಂತ ಒಪ್ಪಬೇಡಿ. ಅರ್ಧದಷ್ಟಾದರೂ ಎದ್ದು ಬಂದ ಉದಾಹರಣೆ ನಮ್ಮ ನೆರೆಹೊರೆಯಲ್ಲಿ ಎರಡು ಮೂರು ಇವೆ.

‘ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿದರಾಯ್ತು, ಇಷ್ಟೆಲ್ಲ ಯಾರು ಮಾಡುವುದು’ ಅನ್ನುವ ಗೆಳೆಯರಿದ್ದಾರೆ. ಕಾಫಿಗೆ ಬೆಲೆ ಇರುವ ವರ್ಷ ಈ ಮಾತು ಸುಲಭವಾಗಿ ಬರುತ್ತದೆ. ನಾವು ಬದಲಿಸುವ ಒಂದೊಂದರಲ್ಲೂ ಕಿಲೋಗಟ್ಟಲೆ ಸೀಸ ಇದೆ ಅನ್ನುವುದು ಆಗ ಮರೆತುಹೋಗುತ್ತದೆ. ಹಳೆ ಬ್ಯಾಟರಿಯನ್ನು ವಾಪಸು ತೆಗೆದುಕೊಳ್ಳಬೇಕು ಅಂತ ನಮ್ಮ ದೇಶದಲ್ಲಿ 2001ರಲ್ಲೇ ನಿಯಮ ಬಂತು. 2022ರ ಹೊಸ ನಿಯಮ ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಹಾಗಾಗಿ ಅಂಗಡಿಗೇ ಕೊಡಿ, ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಆಮ್ಲವನ್ನು ತೋಡಿಗೆ ಚೆಲ್ಲಿ ಹಗುರ ಮಾಡಿ ಗುಜರಿಗೆ ಹಾಕಬೇಡಿ. ನಮ್ಮ ತೋಡು ಲಕ್ಷ್ಮಣತೀರ್ಥಕ್ಕೆ ಸೇರುತ್ತದೆ, ಅದು ಕಾವೇರಿಗೆ. ಬೀಸುಬಲೆಯ ಗುಂಡಿಗೆ ಅಂತ ಪ್ಲೇಟು ಒಡೆದು ಮನೆಯಂಗಳದಲ್ಲಿ ಸೀಸ ಕರಗಿಸುವುದಂತೂ ಬೇಡವೇ ಬೇಡ. ಆ ಹೊಗೆ, ಆ ಪುಡಿ ಮೊದಲು ಹೋಗುವುದು ಅಂಗಳದಲ್ಲಿ ಆಡುವ ಮಕ್ಕಳ ಹೊಟ್ಟೆಗೆ, ಅವರ ಬುದ್ಧಿ ಬೆಳೆಯುವ ವಯಸ್ಸಿನಲ್ಲಿ.

ಈಗೀಗ ಕರೆಂಟು ಸ್ಕೂಟರುಗಳೂ ನಮ್ಮ ಕಡೆ ಕಾಣುತ್ತಿವೆ. ಅವುಗಳ ಲೀಥಿಯಂ ಬ್ಯಾಟರಿಯ ಸ್ವಭಾವ ಉಲ್ಟಾ. ತುಂಬಾ ದಿನ ನಿಲ್ಲಿಸುವುದಾದರೆ ಪೂರ್ತಿ ತುಂಬಿಸಿಡಬಾರದು, ಅರ್ಧದ ಆಸುಪಾಸಿನಲ್ಲಿ ಇಟ್ಟು ತಿಂಗಳಿಗೊಮ್ಮೆ ನೋಡಬೇಕು. ಇಲ್ಲಿ ಬರೆದ ವೋಲ್ಟೇಜಿನ ಲೆಕ್ಕ, ಚಾರ್ಜರು ಯಾವುದೂ ಅದಕ್ಕೆ ಆಗುವುದಿಲ್ಲ, ಅದರ ಜೊತೆಗೆ ಬಂದ ಚಾರ್ಜರೇ ಬೇಕು.

ಸೀಸದ ಬ್ಯಾಟರಿ ಇರುವವರು ಈ ಮೇ ತಿಂಗಳಲ್ಲಿ ಒಂದು ಬಿಳಿ ಟೇಪಿನ ತುಂಡನ್ನು ಅದರ ಬದಿಗೆ ಅಂಟಿಸಿ. ಕೊಂಡ ತಾರೀಕು, ಕೊನೆಗೆ ಚಾರ್ಜ್ ಮಾಡಿದ ತಾರೀಕು, ಆಗ ಇದ್ದ ವೋಲ್ಟೇಜು ಇಷ್ಟು ಬರೆದಿಡಿ. ಎರಡು ಮಳೆಗಾಲ ಕಳೆದ ಮೇಲೆ ನಿಮ್ಮ ಟೇಪಿನಲ್ಲಿ ಏನಿದೆ ಅಂತ ಪತ್ರಿಕೆಗೆ ಬರೆದು ತಿಳಿಸಿದರೆ ಉಳಿದವರಿಗೂ ಉಪಕಾರ.